ಮದುವೆಯ ಸ್ಮೃತಿಸಂಪುಟಕ್ಕೆ ಕೊರೆಯಚ್ಚಿನ ಅಲಂಕಾರ

ಮದುವೆ ಮುಗಿದ ಮನೆಯಲ್ಲಿ ಎರಡು ವಸ್ತುಗಳು ಉಳಿಯುತ್ತವೆ. ಒಂದು ಖರ್ಚಿನ ಲೆಕ್ಕ, ಇನ್ನೊಂದು ಛಾಯಾಚಿತ್ರಗಳ ಸಂಪುಟ. ಮೊದಲನೆಯದು ಕೆಲವು ವರ್ಷಗಳಲ್ಲಿ ಹೇಗೋ ತೀರಿಹೋಗುತ್ತದೆ. ಎರಡನೆಯದು ಮೂರು ತಲೆಮಾರು ಬಾಳಬೇಕಾದುದು. ಆದರೆ ಈಚಿನ ದಿನಗಳಲ್ಲಿ ಸ್ಟುಡಿಯೋದವರು ಸಿದ್ಧಪಡಿಸಿಕೊಡುವ ಸಂಪುಟವನ್ನು ತೆರೆದು ನೋಡಿದರೆ ಅದು ಬಾಳುವ ಬಗೆ ಕುರಿತು ಸಂದೇಹ ಹುಟ್ಟುತ್ತದೆ. ಹಲಗೆಯಷ್ಟು ದಪ್ಪನಾದ ಹಾಳೆಗಳು, ಕಣ್ಣು ಕುಕ್ಕುವ ಹೊಳಪು, ಪುಟಕ್ಕೊಂದರಂತೆ ಇಂಗ್ಲಿಷಿನ ಪ್ರೇಮವಾಕ್ಯ. ಆದರೆ ಧಾರೆಯ ಮಂಟಪದ ಎಡಮಗ್ಗುಲಲ್ಲಿ ರುಮಾಲು ಸುತ್ತಿ ನಿಂತಿರುವ ಹಿರಿಯರು ಯಾರು, ಆರತಿ ತಟ್ಟೆ ಹಿಡಿದ ಆ ಮುತ್ತೈದೆ ವಧುವಿಗೆ ಏನಾಗಬೇಕು ಎಂಬುದನ್ನು ಹೇಳುವ ಒಂದೇ ಒಂದು ಹೆಸರು ಅದರಲ್ಲಿ ಇರುವುದಿಲ್ಲ.

ಹೈದರಾಬಾದಿನ ಕನ್ನಡಿಗರ ಮಟ್ಟಿಗೆ ಇದು ಸಣ್ಣ ಕೊರತೆಯಲ್ಲ. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಆ ಕಾಲದಿಂದಲೂ ಕೊಟ್ಟು ತಂದ ಸಂಬಂಧಗಳು ಈ ನಗರಕ್ಕೂ ಆ ಊರುಗಳಿಗೂ ನಡುವೆ ಹಬ್ಬಿಕೊಂಡಿವೆ. ಆ ಮೇಲೆ ನೌಕರಿ, ವ್ಯಾಪಾರ, ವಿದ್ಯಾಭ್ಯಾಸಗಳ ನಿಮಿತ್ತ ಮೈಸೂರು, ಧಾರವಾಡ, ಮಂಗಳೂರು ಕಡೆಗಳಿಂದ ಬಂದವರೂ ಉಂಟು. ದಿಲ್‌ಸುಖ್‌ನಗರದಂತಹ ಬಡಾವಣೆಯಲ್ಲಿ ಬೆಳೆಯುವ ಕನ್ನಡ ಮಗು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಆಡುತ್ತದೆ. ಆಡುವುದಕ್ಕೇನೋ ಬರುತ್ತದೆ, ಬರೆಯುವುದಕ್ಕೆ ಬಾರದು. ಬಂಧುಗಳ ಹೆಸರು, ಊರು, ನಂಟು ಎಲ್ಲವೂ ಅಜ್ಜಿಯ ನೆನಪಿನಲ್ಲಿ ಮಾತ್ರ ದಾಖಲಾಗಿವೆ. ಆ ದಾಖಲೆಗೆ ಎರಡನೆಯ ಪ್ರತಿ ಇಲ್ಲ.

ಈ ಕಾರಣದಿಂದಲೇ ಸ್ಟುಡಿಯೋದ ಸಂಪುಟದ ಜೊತೆಗೆ ಮನೆಯವರೇ ಕೂಡಿ ತಯಾರಿಸುವ ಇನ್ನೊಂದು ಪುಸ್ತಕ ಅಗತ್ಯವೆನಿಸುತ್ತದೆ. ಇಂಗ್ಲಿಷರು ಇದನ್ನು ಸ್ಕ್ರ್ಯಾಪ್‌ಬುಕ್ ಎಂದು ಕರೆದರು. ಸ್ಮೃತಿಸಂಪುಟ ಎಂದರೆ ನಮಗೆ ಒಪ್ಪುತ್ತದೆ. ಲಗ್ನಪತ್ರಿಕೆ, ಆಯ್ದ ಹತ್ತಿಪ್ಪತ್ತು ಛಾಯಾಚಿತ್ರಗಳು, ಊಟದ ಪದಾರ್ಥಗಳ ಪಟ್ಟಿ, ಬಾಸಿಂಗದ ಒಂದು ಎಳೆ, ದಿಬ್ಬಣ ಬಂದ ರೈಲಿನ ಚೀಟಿ, ಮುಯ್ಯಿ ಬರೆದಿಟ್ಟ ಹಾಳೆ, ಇವೆಲ್ಲ ಅದರಲ್ಲಿ ಸೇರತಕ್ಕವು. ಮುಯ್ಯಿಯ ಹಾಳೆಯನ್ನು ಯಾರೂ ಅಲಕ್ಷಿಸಬಾರದು. ಯಾರು ಬಂದಿದ್ದರು, ಯಾವ ಊರಿನಿಂದ ಬಂದಿದ್ದರು ಎಂಬುದಕ್ಕೆ ಅದಕ್ಕಿಂತ ನಂಬಲರ್ಹವಾದ ಪುರಾವೆ ಮದುವೆಮನೆಯಲ್ಲಿ ಮತ್ತೊಂದಿಲ್ಲ. ಕ್ಯಾಮರಾದ ಕಣ್ಣು ತಪ್ಪಿಸಿ ಊಟ ಮಾಡಿ ಹೋದವರೂ ಅದರಲ್ಲಿ ಸಿಕ್ಕಿಬೀಳುತ್ತಾರೆ.

ಇಂತಹ ಪುಸ್ತಕವನ್ನು ಅಲಂಕರಿಸಲು ಚಿತ್ರಕಲೆ ತಿಳಿದಿರಬೇಕೆಂಬ ನಿಯಮವಿಲ್ಲ. ಅದಕ್ಕೆ ಇರುವ ಸುಲಭೋಪಾಯವೇ ಕೊರೆಯಚ್ಚು, ಅಂದರೆ ಸ್ಟೆನ್ಸಿಲ್. ತೆಳುವಾದ ಹಾಳೆಯಲ್ಲಿ ಆಕಾರವನ್ನು ಕತ್ತರಿಸಿ ತೆಗೆದು, ಆ ರಂಧ್ರದ ಮೂಲಕ ಬಣ್ಣವನ್ನು ಕೆಳಗಿನ ಕಾಗದಕ್ಕೆ ಇಳಿಸುವುದು ಇದರ ತತ್ತ್ವ. ಕೈಯನ್ನೇ ಅಚ್ಚಾಗಿಟ್ಟು ಸುತ್ತಲೂ ಬಣ್ಣ ಊದಿ ಬಂಡೆಯ ಮೇಲೆ ಗುರುತು ಮೂಡಿಸುವುದು ಇದರ ಅತ್ಯಂತ ಪ್ರಾಚೀನ ರೂಪ. ಇಂಡೋನೇಷ್ಯದ ಸುಲವೇಸಿ ದ್ವೀಪದ ಗುಹೆಯಲ್ಲಿನ ಅಂತಹ ಒಂದು ಹಸ್ತಮುದ್ರೆ ಕನಿಷ್ಠ 39,900 ವರ್ಷ ಹಳೆಯದೆಂದು 2014ರಲ್ಲಿ ಪ್ರಕಟವಾಯಿತು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಮಂಡಿಯ ವರ್ತಕರು ತೊಗರಿಯ ಮೂಟೆಗಳ ಮೇಲೆ ತಗಡಿನ ಅಚ್ಚಿಟ್ಟು ಕಪ್ಪು ಮಸಿ ತಿಕ್ಕಿದ್ದು ಇದೇ ವಿದ್ಯೆ. ಸಂಘ ಸಂಸ್ಥೆಗಳ ಸುತ್ತೋಲೆಗಳನ್ನು ಒಂದು ಕಾಲಕ್ಕೆ ಸೈಕ್ಲೋಸ್ಟೈಲ್ ಮಾಡುತ್ತಿದ್ದುದೂ ಇದರಿಂದಲೇ. ರಿಬ್ಬನ್ ಬಿಡಿಸಿದ ಬೆರಳಚ್ಚು ಯಂತ್ರ ಮೇಣದ ಹಾಳೆಯನ್ನು ಕೊರೆಯುತ್ತಿತ್ತು. ತಪ್ಪಾದರೆ ಕೆಂಪನೆಯ ದ್ರವ ಹಚ್ಚಿ, ಊದಿ, ಒಣಗಿಸಿ, ಮತ್ತೆ ಹೊಡೆಯಬೇಕಾಗಿತ್ತು. ಅಮೆರಿಕದ ಎಡಿಸನ್ 1876ರಲ್ಲಿ ಪಡೆದ ಒಂದು ಪೇಟೆಂಟು ಆ ಯಂತ್ರದ ಪೂರ್ವಜ. ಇಂದಿಗೂ ಹೈದರಾಬಾದಿನ ಛತ್ತಾ ಬಜಾರಿನಲ್ಲಿ ಅಚ್ಚಾಗುವ ಲಗ್ನಪತ್ರಿಕೆಗಳಲ್ಲಿ ಸ್ಕ್ರೀನ್ ಪ್ರಿಂಟಿಂಗ್‌ನಿಂದ ಆದುವು ಎಷ್ಟಿವೆಯೋ ಅಷ್ಟೂ ಕೊರೆಯಚ್ಚಿನ ಸಂತಾನವೇ.

ಮದುವಣಗಿತ್ತಿಯ ಮೈಮೇಲೆಯೇ ಇದರ ಇನ್ನೊಂದು ನಿದರ್ಶನ ಇರುತ್ತದೆ. ದಿಲ್‌ಸುಖ್‌ನಗರದ ಪೇಟೆಯಲ್ಲಿ ಸೀರೆ, ಬಂಗಾರದ ಅಂಗಡಿಗಳ ನಡುವೆ ಮಗ್ಗಂ ವರ್ಕ್ ಎಂಬ ಫಲಕಗಳು ಕಾಣುತ್ತವೆ. ಇಲ್ಲಿ ಮಗ್ಗ ಎಂದರೆ ನೇಯುವ ಮಗ್ಗವಲ್ಲ. ಬಟ್ಟೆಯನ್ನು ಬಿಗಿಯಾಗಿ ಎಳೆದು ಕಟ್ಟಿದ ಮರದ ಚೌಕಟ್ಟು. ಅದರ ಮುಂದೆ ಕುಳಿತು ಕುಶಲಕರ್ಮಿಗಳು ರವಿಕೆಗೆ ಜರಿ, ಮಣಿ, ಮುತ್ತುಗಳ ಕಸೂತಿ ಹಾಕುತ್ತಾರೆ. ಆದರೆ ಸೂಜಿ ಇಳಿಯುವುದಕ್ಕೆ ಮೊದಲು ಚಿತ್ರ ಬಟ್ಟೆಗೆ ಇಳಿಯಬೇಕು. ಅದಕ್ಕಾಗಿ ಟ್ರೇಸಿಂಗ್ ಕಾಗದದ ಮೇಲೆ ನವಿಲು, ಮಾವಿನಕಾಯಿ, ಬಳ್ಳಿಗಳನ್ನು ಬರೆದು ಗೆರೆಯುದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ಚುಚ್ಚುತ್ತಾರೆ. ಇದಕ್ಕೆ ಖಾಕಾ ಎಂದು ಹೆಸರು. ಖಾಕಾವನ್ನು ಬಟ್ಟೆಯ ಮೇಲೆ ಹರಡಿ, ಸೀಮೆಎಣ್ಣೆಯಲ್ಲಿ ಕಲಸಿದ ಬಿಳಿ ಪುಡಿಯನ್ನೋ ನೀಲಿಯನ್ನೋ ಬಟ್ಟೆಯ ಉಂಡೆಯಿಂದ ತಿಕ್ಕಿದರೆ, ತೂತುಗಳ ಮೂಲಕ ಚುಕ್ಕಿಚುಕ್ಕಿಯಾಗಿ ಚಿತ್ರ ಮೂಡುತ್ತದೆ.

ರವಿಕೆ ಸಿದ್ಧವಾದ ಮೇಲೆ ಆ ಖಾಕಾ ಮೂಲೆ ಸೇರುತ್ತದೆ, ಇಲ್ಲವೇ ಮುಂದಿನ ಗಿರಾಕಿಗೆ ಉಪಯೋಗವಾಗುತ್ತದೆ. ಮದುವೆಯವರು ಅದನ್ನು ಕೇಳಿ ಪಡೆದುಕೊಳ್ಳುವುದು, ಕೊಡಲೊಲ್ಲದಿದ್ದರೆ ಒಂದು ಪ್ರತಿಯನ್ನಾದರೂ ಚುಚ್ಚಿಸಿಕೊಳ್ಳುವುದು ಒಳಿತು. ವಧುವಿನ ತೋಳಿನ ಮೇಲಿದ್ದ ಅದೇ ಬಳ್ಳಿ ಅವಳ ಸ್ಮೃತಿಸಂಪುಟದ ಅಂಚಿನಲ್ಲಿಯೂ ಹಬ್ಬಿದರೆ ಅದಕ್ಕಿಂತ ಸಮಂಜಸವಾದ ಅಲಂಕಾರ ಯಾವುದಿದ್ದೀತು? ಎಚ್ಚರಿಕೆಯಿಷ್ಟೇ: ಪುಸ್ತಕದ ಕಾಗದದ ಹತ್ತಿರ ಸೀಮೆಎಣ್ಣೆ ಸುಳಿಯಕೂಡದು. ತೆಳುಬಟ್ಟೆಯಲ್ಲಿ ಸೀಮೆಸುಣ್ಣದ ನುಣ್ಣನೆಯ ಪುಡಿ ಕಟ್ಟಿ, ಆ ಒಣ ಗಂಟಿನಿಂದ ಮೆಲ್ಲಗೆ ತಟ್ಟಿದರೆ ಚುಕ್ಕಿಗಳು ಬೀಳುತ್ತವೆ. ಚುಕ್ಕಿಗಳನ್ನು ಸೇರಿಸಿ ಲೇಖನಿಯಿಂದ ಗೆರೆ ಎಳೆದು, ಉಳಿದ ಪುಡಿಯನ್ನು ಒಣ ಕುಂಚದಿಂದ ಕೊಡವಿಬಿಡಬೇಕು. ಹಾಳೆ ಬಿಳಿಯದಾದರೆ ಸೀಮೆಸುಣ್ಣ ಕಾಣದು. ಆಗ ಬಣ್ಣದ ಸೀಮೆಸುಣ್ಣವನ್ನು ಪುಡಿ ಮಾಡಿಕೊಳ್ಳಬಹುದು.

ಕಾಗದವನ್ನು ಕತ್ತರಿಸಿ ಮಾಡುವ ಅಚ್ಚಿಗೆ ಮಾತ್ರ ಒಂದು ತೊಡಕುಂಟು. ವೃತ್ತವನ್ನು ಕತ್ತರಿಸಿದರೆ ಗುಂಡನೆಯ ತೂತು ಬೀಳುತ್ತದೆ. ಬಳೆಯನ್ನು ಕತ್ತರಿಸಲು ಹೋದರೆ ಬಳೆಯ ನಡುವಿನ ಭಾಗವೂ ಉದುರಿಹೋಗಿ ಮತ್ತೆ ತೂತೇ ಉಳಿಯುತ್ತದೆ. ನಡುವಿನ ದ್ವೀಪ ಉಳಿಯಬೇಕಾದರೆ ದಡದಿಂದ ಅದಕ್ಕೆ ಒಂದೆರಡು ಸೇತುವೆಗಳನ್ನು ಬಿಡಲೇಬೇಕು. ಜಪಾನಿನ ಬಟ್ಟೆಯಚ್ಚಿನವರು ಹಿಪ್ಪುನೇರಳೆ ಜಾತಿಯ ನಾರಿನ ಕಾಗದಕ್ಕೆ ಒಂದು ಬಗೆಯ ಹಣ್ಣಿನ ಒಗರು ರಸ ಬಳಿದು ಗಟ್ಟಿಮಾಡಿ, ಅದರಲ್ಲಿ ಅತಿಸೂಕ್ಷ್ಮ ಚಿತ್ರಗಳನ್ನು ಕೊರೆದು, ದ್ವೀಪಗಳನ್ನು ರೇಷ್ಮೆಯ ಎಳೆಗಳಿಂದ ಹಿಡಿದು ನಿಲ್ಲಿಸಿದರು. ಆ ತಾಳ್ಮೆ ಎಲ್ಲರಿಗೂ ಸಾಧ್ಯವಲ್ಲ. ಸೇತುವೆಯೇ ನಮಗೆ ಗತಿ.

ಕನ್ನಡ ಅಕ್ಷರಗಳ ವಿಷಯದಲ್ಲಿ ಈ ತೊಡಕು ಇನ್ನಷ್ಟು ದೊಡ್ಡದು. ಇಂಗ್ಲಿಷ್ ಅಕ್ಷರಗಳ ಪ್ಲಾಸ್ಟಿಕ್ ಅಚ್ಚು ಪುಸ್ತಕದಂಗಡಿಯಲ್ಲಿ ಸುಲಭವಾಗಿ ದೊರೆಯುತ್ತದೆ, ಏಕೆಂದರೆ ಅಲ್ಲಿ ಇರುವುದು 26 ಅಕ್ಷರ. ಕನ್ನಡದಲ್ಲಿ 34 ವ್ಯಂಜನಗಳಿಗೆ 13 ಸ್ವರಗಳನ್ನು ಸೇರಿಸಿದರೆ 442 ರೂಪಗಳಾಗುತ್ತವೆ; ಒತ್ತಕ್ಷರಗಳ ಲೆಕ್ಕ ಬೇರೆ. ಇಷ್ಟನ್ನೂ ಕೊರೆದಿಟ್ಟುಕೊಳ್ಳುವುದು ಅಚ್ಚುಕೂಟದವರ ಕೆಲಸವೇ ಹೊರತು ಮನೆಯವರದಲ್ಲ. ಅದೂ ಅಲ್ಲದೆ ನಮ್ಮ ಲಿಪಿಯ ಚೆಲುವು ಇರುವುದೇ ಅದರ ದುಂಡಿನಲ್ಲಿ. ಸೊನ್ನೆ, ರ, ಠ, ವ, ಮ ಇವುಗಳೊಳಗೆಲ್ಲ ದ್ವೀಪಗಳಿವೆ. ಗಕಾರದಂತೆ ಕೆಳಗೆ ಬಾಯಿ ತೆರೆದಿರುವ ಅಕ್ಷರ ಅಪರೂಪ.

ಹೈದರಾಬಾದಿನಲ್ಲಿ ತೆಲುಗು ಅಕ್ಷರಗಳ ಅಚ್ಚು ಸಿಕ್ಕಿದರೆ ಅದು ಕೊಂಚ ಮಟ್ಟಿಗೆ ನೆರವಾದೀತು. ಎರಡೂ ಲಿಪಿಗಳು ಒಂದೇ ಮೂಲದಿಂದ ಕವಲೊಡೆದಂಥವು. ಗ, ಮ, ಯ, ರ, ಲ ಮೊದಲಾದುವುಗಳಲ್ಲಿ ವ್ಯತ್ಯಾಸವಿರುವುದು ಬಹುಮಟ್ಟಿಗೆ ತಲೆಕಟ್ಟಿನಲ್ಲಿ. ಆದರೆ ಕ, ತ, ಶ, ಹ ಎಂಬಲ್ಲಿಗೆ ಬಂದಾಗ ಈ ಸಾಲ ನಡೆಯದು. ‘ಶಕುಂತಲಾ’ ಎಂಬ ಹೆಸರನ್ನು ತೆಲುಗಿನ ಅಚ್ಚಿನಿಂದ ಬರೆಯಹೊರಟರೆ ಮೊದಲ ಎರಡು ಅಕ್ಷರಗಳಲ್ಲಿಯೇ ತಡವರಿಸಬೇಕಾಗುತ್ತದೆ.

ಆದ್ದರಿಂದ ಬಿಡಿ ಅಕ್ಷರಗಳ ಗೊಡವೆಗೆ ಹೋಗದೆ ಇಡೀ ಪದಗಳನ್ನೇ ಕೊರೆದುಕೊಳ್ಳುವುದು ಜಾಣತನ. ಅಜ್ಜ, ಅಜ್ಜಿ, ಸೋದರಮಾವ, ಚಿಕ್ಕಪ್ಪ, ಅತ್ತೆ, ಅತ್ತಿಗೆ, ಮೈದುನ, ಬೀಗರು. ನಾಂದಿ, ಧಾರೆ, ಸಪ್ತಪದಿ, ಆರತಕ್ಷತೆ ಎಂಬ ಇಪ್ಪತ್ತು ಇಪ್ಪತ್ತೈದು ಪದಗಳು ಪುನಃ ಪುನಃ ಬರುತ್ತವೆ. ಇವಿಷ್ಟಕ್ಕೆ ಅಚ್ಚುಗಳಿದ್ದರೆ ಪುಸ್ತಕದ ಮುಕ್ಕಾಲು ಪಾಲು ನಡೆಯುತ್ತದೆ. ಇನ್ನು ವ್ಯಕ್ತಿಗಳ ಹೆಸರು. ಕಂಪ್ಯೂಟರಿನಲ್ಲಿ ದಪ್ಪ ಕನ್ನಡ ಅಕ್ಷರಗಳಲ್ಲಿ ಮುದ್ರಿಸಿಕೊಂಡು, ಪಾರದರ್ಶಕ ಹಾಳೆಯ ಕೆಳಗಿಟ್ಟು, ಎಲ್ಲೆಲ್ಲಿ ದ್ವೀಪವಿದೆಯೋ ಅಲ್ಲಲ್ಲಿ ಸೇತುವೆಯ ಗುರುತು ಹಾಕಿಕೊಂಡು ಕೊರೆಯುವುದು. ಸೇತುವೆ ಒಂದೂವರೆ ಎರಡು ಮಿಲಿಮೀಟರಿಗಿಂತ ಕಿರಿದಾದರೆ ಬಣ್ಣ ತಟ್ಟುವಾಗ ಹರಿದುಹೋಗುತ್ತದೆ. ಇಂಚಿಗಿಂತ ಚಿಕ್ಕ ಅಕ್ಷರಗಳ ಒಳಗೆ ಕತ್ತಿ ತಿರುಗುವುದೇ ಕಷ್ಟ. ಒತ್ತಕ್ಷರವಿದ್ದರೆ ಇನ್ನೂ ಸ್ವಲ್ಪ ದೊಡ್ಡದಾಗಿಯೇ ಇರಲಿ.

ಬರೆಯಲು ಬಾರದ ಮಕ್ಕಳಿಗೆ ಈ ಅಚ್ಚು ಕೊಡುವ ಧೈರ್ಯ ಗಮನಾರ್ಹವಾದುದು. ಎಂಟು ಹತ್ತು ವರ್ಷದ ಮಗು ‘ಸೋದರಮಾವ’ ಎಂಬ ಅಚ್ಚಿನ ಮೇಲೆ ಬಣ್ಣ ತಟ್ಟಿ ಎತ್ತಿದಾಗ, ಕಾಗದದ ಮೇಲೆ ಮೂಡಿದ್ದು ತನ್ನ ಕೈಯ ಕೆಲಸವೆಂದೇ ಅದು ತಿಳಿಯುತ್ತದೆ. ದೊಡ್ಡವರು ಪಕ್ಕದಲ್ಲಿ ಕುಳಿತು ಓದಿಸಿದರೆ ಅರ್ಧ ಡಜನ್ ಪದಗಳು ಒಂದು ಮಧ್ಯಾಹ್ನದಲ್ಲಿ ಪರಿಚಯವಾಗುತ್ತವೆ. ಕನ್ನಡ ಕಲಿಯಲು ಒಲ್ಲೆನೆಂದು ಹಟ ಹಿಡಿಯುವ ಮಕ್ಕಳೂ ಬಣ್ಣದ ತಟ್ಟೆಯ ಮುಂದೆ ಕುಳಿತುಕೊಳ್ಳಲು ಹಟ ಮಾಡುವುದಿಲ್ಲ.

ಚಿತ್ರಗಳ ಮಾತಿಗೆ ಬರೋಣ. ನಮ್ಮ ನಾಡಿನಲ್ಲಿ ಮದುವೆಗೆಂದೇ ಬರೆಯುವ ಚಿತ್ರಗಳಲ್ಲಿ ಮಲೆನಾಡಿನ ದೀವರ ಹೆಣ್ಣುಮಕ್ಕಳ ಹಸೆಗೋಡೆ ಚಿತ್ತಾರ ಸುಪ್ರಸಿದ್ಧ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಇವುಗಳಿಂದ, ಪುಂಡಿನಾರಿನ ಕುಂಚದಲ್ಲಿ ಅವರು ಎಳೆಯುವ ಗೆರೆಗಳ ನಿಖರತೆ ಬೆರಗು ಹುಟ್ಟಿಸುವಂತಹುದು. ಆದರೆ ಅದನ್ನು ಅಚ್ಚಿಗೆ ಇಳಿಸುವುದು ಉಚಿತವಲ್ಲ. ಅದರ ಜೀವ ಇರುವುದು ಕೈಬೀಸಿನಲ್ಲಿ. ಅಚ್ಚಿನಲ್ಲಿ ಉಳಿಯುವುದು ಬರಿಯ ಜ್ಯಾಮಿತಿ. ರಂಗೋಲಿಯ ಚುಕ್ಕಿಗಳ ಸುತ್ತ ಸುತ್ತುವ ಎಳೆಗಳೂ ಅಷ್ಟೆ, ಎಲ್ಲವೂ ಮುಚ್ಚಿದ ಕುಣಿಕೆಗಳಾಗಿ ದ್ವೀಪಗಳ ಸಮುದ್ರವೇ ಆಗಿಬಿಡುತ್ತದೆ.

ಕೊರೆಯಚ್ಚಿಗೆ ಹೇಳಿಮಾಡಿಸಿದಂತಿರುವುದು ಉತ್ತರ ಕರ್ನಾಟಕದ ಕಸೂತಿ. ಇಳಕಲ್ ಸೀರೆಯ ಮೇಲಿನ ಗೋಪುರ, ತುಳಸಿಕಟ್ಟೆ, ತೇರು, ಆನೆ, ನವಿಲುಗಳೆಲ್ಲ ಎಳೆ ಎಣಿಸಿ ಹಾಕಿದ ಸಣ್ಣ ಸಣ್ಣ ನೇರ ಹೊಲಿಗೆಗಳಿಂದಾದುವು. ಗವಂತಿ ಹೊಲಿಗೆಯಲ್ಲಿ ಮೊದಲ ಸುತ್ತಿಗೆ ಗೆರೆ ತುಂಡು ತುಂಡಾಗಿ ಬಿದ್ದು, ಮರಳಿ ಬರುವಾಗ ನಡುವಿನ ಖಾಲಿ ತುಂಬುತ್ತದೆ. ಅಚ್ಚಿನಲ್ಲಿ ಆ ಮೊದಲ ಸುತ್ತನ್ನಷ್ಟೇ ಕೊರೆಯಬೇಕು. ಪ್ರತಿಯೊಂದು ಹೊಲಿಗೆಯೂ ಒಂದೊಂದು ಕಿರುಸೀಳು. ಎರಡು ಸೀಳುಗಳ ನಡುವೆ ಉಳಿದ ಹಾಳೆ ತಾನಾಗಿಯೇ ಸೇತುವೆ. ಚೌಕುಳಿ ಕಾಗದದ ಮೇಲೆ ಎಣಿಸಿ ಬರೆದುಕೊಂಡರೆ ಚಿತ್ರ ಬಾರದವರಿಗೂ ತೇರು ಎದ್ದು ನಿಲ್ಲುತ್ತದೆ. ಅಜ್ಜಿಯ ಹಳೆಯ ಸೆರಗಿನಿಂದಲೇ ಎಣಿಸಿಕೊಂಡರೆ ಇನ್ನೂ ಲೇಸು. ಬೀದರಿನ ಕಡೆಯವರು ಕಪ್ಪು ಹಾಳೆಯ ಮೇಲೆ ಬೆಳ್ಳಿಬಣ್ಣ ತಟ್ಟಿ ನೋಡಲಿ. ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ ಬಿದರಿ ಕೆಲಸದ ಛಾಯೆ ಪುಟದ ಮೇಲೆ ಬರುತ್ತದೆ.

ಅಚ್ಚಿಗೆ ಬೇಕಾದ ಹಾಳೆ ಗಟ್ಟಿಯಾಗಿಯೂ ತೆಳುವಾಗಿಯೂ ಇರಬೇಕು. ಓಎಚ್‌ಪಿ ಹಾಳೆ ಸಾಕಷ್ಟು ಒಳ್ಳೆಯದು. ಪ್ರತಿ ಮನೆಯ ಅಟ್ಟದಲ್ಲಿಯೂ ಇರುವ ಹಳೆಯ ಎಕ್ಸ್‌ರೇ ಫಿಲಮುಗಳು ಅದಕ್ಕಿಂತಲೂ ಉತ್ತಮ. ವೈದ್ಯರಿಗೆ ಮುಂದೆ ಬೇಕಾಗದೆಂದು ಖಚಿತಪಡಿಸಿಕೊಂಡ ಮೇಲೆಯೇ ಕತ್ತರಿಸತಕ್ಕದ್ದು. ಕಪ್ಪು ಲೇಪ ಕಳೆಯಬೇಕೆಂದು ಬ್ಲೀಚಿಂಗ್ ದ್ರವದಲ್ಲಿ ನೆನೆಸುವವರು ಕೈಗವಸು ಧರಿಸಿ, ಕಿಟಕಿ ತೆರೆದಿಟ್ಟುಕೊಳ್ಳಬೇಕು; ಆ ದ್ರವವನ್ನು ಶೌಚಾಲಯ ತೊಳೆಯುವ ಆಮ್ಲದೊಡನೆ ಎಂದಿಗೂ ಬೆರೆಸಕೂಡದು, ವಿಷಕಾರಿಯಾದ ಕ್ಲೋರಿನ್ ಹೊರಡುತ್ತದೆ. ವಾಸ್ತವವಾಗಿ ಲೇಪ ತೆಗೆಯುವ ಅಗತ್ಯವೂ ಅಷ್ಟಿಲ್ಲ. ಕಿಟಕಿಯ ಗಾಜಿಗೆ ಒತ್ತಿ ಹಿಡಿದರೆ ಕೆಳಗಿನ ಗೆರೆ ಸಾಕಷ್ಟು ಕಾಣುತ್ತದೆ.

ಬಣ್ಣ ಹಚ್ಚುವ ಕ್ರಮದಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ಹೆಚ್ಚು ಬಣ್ಣ. ಕುಂಚವನ್ನಾಗಲಿ ಸ್ಪಂಜಿನ ತುಂಡನ್ನಾಗಲಿ ಬಣ್ಣಕ್ಕೆ ಮುಟ್ಟಿಸಿ, ಹಳೆಯ ವೃತ್ತಪತ್ರಿಕೆಯ ಮೇಲೆ ಒತ್ತಿ ಒತ್ತಿ ಬಹುಪಾಲು ತೆಗೆದು, ಇನ್ನೇನು ಒಣಗಿತೆನ್ನುವ ಹಂತದಲ್ಲಿ ಅಚ್ಚಿನ ಮೇಲೆ ನೇರವಾಗಿ ಕುಟ್ಟಬೇಕು. ಒರೆಸಿದರೆ ಬಣ್ಣ ಅಚ್ಚಿನಡಿ ನುಸುಳುತ್ತದೆ. ತೆಳ್ಳಗೆ ಎರಡು ಸಲ ಹಚ್ಚಿದ್ದು ದಪ್ಪಗೆ ಒಂದು ಸಲ ಹಚ್ಚಿದ್ದಕ್ಕಿಂತ ಮೇಲು. ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣ ಒಣಗಿದ ಮೇಲೆ ಕದಲದು. ಆದರೆ ಪುಟಗಳನ್ನು ಬೇಗ ಮುಚ್ಚಿಟ್ಟರೆ ಒಂದಕ್ಕೊಂದು ಹತ್ತಿಕೊಳ್ಳುತ್ತವೆ. ನಾಲ್ಕಾರು ದಿನ ಒಣಗಲು ಬಿಟ್ಟು, ನಡುವೆ ತೆಳುಕಾಗದ ಇಡಬೇಕು. ವಧುವಿನ ಕಡೆಯವರ ಪುಟಕ್ಕೂ ವರನ ಕಡೆಯವರ ಪುಟಕ್ಕೂ ನಡುವೆ ಈ ತೆಳುಕಾಗದ ಅಂತರಪಟದಂತೆ ನಿಂತರೆ ಅದೊಂದು ಸೊಗಸೇ.

ಅಲಂಕಾರವೆಲ್ಲ ಮುಗಿದು ಒಣಗಿದ ಮೇಲೆಯೇ ಛಾಯಾಚಿತ್ರಗಳನ್ನು ಕೂರಿಸತಕ್ಕದ್ದು. ಚಿತ್ರದ ಮೇಲೆ ಅಥವಾ ಹಿಂಭಾಗದಲ್ಲಿ ಬಣ್ಣ ತಾಗಬಾರದು. ಹಾಳೆಗಳು ಆಮ್ಲರಹಿತವಾಗಿರಲಿ. ಸಾಧಾರಣ ಕಪ್ಪು ರಟ್ಟಿನ ಆಮ್ಲ ಕಾಲಕ್ರಮದಲ್ಲಿ ಚಿತ್ರವನ್ನು ಕೆಡಿಸುತ್ತದೆ. 1970 ಮತ್ತು 1980ರ ದಶಕಗಳಲ್ಲಿ ಮನೆಮನೆಗೂ ಬಂದ, ಪ್ಲಾಸ್ಟಿಕ್ ಪರೆ ಎತ್ತಿ ಅಂಟಿನ ಮೇಲೆ ಚಿತ್ರ ಒತ್ತುವ ಆಲ್ಬಮುಗಳ ಗತಿ ಈಗ ಹಲವರಿಗೆ ಗೊತ್ತು: ಅಂಟು ಹಳದಿಗಟ್ಟಿ, ಚಿತ್ರ ಬಿಡಿಸಲು ಹೋದರೆ ಹರಿಯುತ್ತದೆ. ಪಿವಿಸಿ ಚೀಲಗಳೂ ಹಾನಿಕರ. ಪಾಲಿಯೆಸ್ಟರ್ ಇಲ್ಲವೆ ಪಾಲಿಪ್ರೊಪಿಲೀನ್ ಆಗಬಹುದು. ಮೈದಾ ಅಂಟು ಜಿರಲೆಗಳಿಗೆ ಔತಣ, ಸೆಲೋಟೇಪು ಕೆಲವೇ ವರ್ಷಗಳ ಗೆಳೆಯ. ಹಳೆಯ ಕಾಲದ ಕಾಗದದ ಮೂಲೆಗಳೇ ಎಲ್ಲಕ್ಕಿಂತ ಕ್ಷೇಮ. ಲಗ್ನಪತ್ರಿಕೆಯ ನಾಲ್ಕು ಮೂಲೆಗೆ ಹಚ್ಚಿದ ಅರಿಶಿನ ಬೆಳಕಿಗೆ ಮಾಸುತ್ತದೆ, ಪಕ್ಕದ ಚಿತ್ರಕ್ಕೆ ಮೆತ್ತಿಕೊಳ್ಳುತ್ತದೆ; ಆದುದರಿಂದ ಅದಕ್ಕೆ ಪ್ರತ್ಯೇಕ ಲಕೋಟೆ ಬೇಕು.

ಆರೋಗ್ಯದ ದೃಷ್ಟಿಯಿಂದ ಕೆಲವು ಮಾತು. ಡಬ್ಬಿಯಿಂದ ಸಿಂಪಡಿಸುವ ಬಣ್ಣ ಬೇಗ ಮುಗಿಯುವ ಕೆಲಸವೇನೋ ಹೌದು, ಆದರೆ ಮುಚ್ಚಿದ ಫ್ಲ್ಯಾಟಿನೊಳಗೆ ಅದರ ಆವಿ ತಲೆಸುತ್ತು, ಕೆಮ್ಮು ತರುತ್ತದೆ. ಉಬ್ಬಸ ಇರುವವರು, ಗರ್ಭಿಣಿಯರು, ಮಕ್ಕಳು ಅದರಿಂದಲೂ ಥಿನ್ನರಿನಿಂದಲೂ ದೂರವಿರಬೇಕು. ನಲವತ್ತು ದಾಟಿದವರು ಚಾಳೀಸು ಧರಿಸದೆ ಅಂದಾಜಿನ ಮೇಲೆ ಕೊರೆಯಲು ಕೂತರೆ ಮೊದಲು ಹೆಬ್ಬೆರಳು, ಆಮೇಲೆ ಕತ್ತು ದೂರು ಹೇಳುತ್ತವೆ. ಮೊಂಡು ಕತ್ತಿಗೆ ಹೆಚ್ಚು ಬಲ ಬೇಕಾಗುವುದರಿಂದ ಅದೇ ಹೆಚ್ಚು ಅಪಾಯಕಾರಿ. ಅಲಗನ್ನು ಆಗಾಗ ಬದಲಿಸಬೇಕು. ಸಕ್ಕರೆ ಕಾಯಿಲೆಯವರು ಸಣ್ಣ ಗಾಯವನ್ನೂ ತೊಳೆದು ಕಟ್ಟಿಕೊಳ್ಳಬೇಕು. ಕೊರೆಯುವ ಕೆಲಸ ಕಿರಿಯರದಾಗಲಿ, ತಟ್ಟುವ ಕೆಲಸ ಹಿರಿಯರದಾಗಲಿ. ಕೈ ನಡುಗಿ ಸಹಿ ಹಾಕಲೂ ಕಷ್ಟಪಡುವವರು ಸಹ ಅಚ್ಚಿನ ಮೇಲೆ ಬಣ್ಣ ಕುಟ್ಟಬಲ್ಲರು. ಗೆರೆಯನ್ನು ಕಾಯುವ ಹೊಣೆ ಅಚ್ಚಿನದು.

ಹಿರಿಯರು ತಮ್ಮ ಬಾಳನ್ನು ಹಿಂದಿರುಗಿ ನೋಡುವುದು ಮುಪ್ಪಿನ ಅರಳುಮರಳಲ್ಲ, ಅದೊಂದು ಸಹಜ ಮಾನಸಿಕ ವ್ಯಾಪಾರ ಎಂದು ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲಿ ಪ್ರತಿಪಾದಿಸಿದರು. ಅಂದಿನಿಂದ ಹಳೆಯ ಚಿತ್ರಗಳನ್ನಿಟ್ಟುಕೊಂಡು ಮಾತನಾಡಿಸುವುದನ್ನು ಮರೆಗುಳಿ ರೋಗದವರ ಆರೈಕೆಯಲ್ಲಿ ಬಳಸುತ್ತ ಬಂದಿದ್ದಾರೆ. ಇದನ್ನು ಔಷಧವೆಂದು ಯಾರೂ ಭ್ರಮಿಸಬಾರದು. 2018ರ ಕಾಕ್ರೇನ್ ಸಮೀಕ್ಷೆಯ ಪ್ರಕಾರ ಪ್ರಯೋಜನ ಉಂಟು, ಆದರೆ ಅದು ಅಲ್ಪ, ಎಲ್ಲ ಕಡೆಯೂ ಸಮನಾಗಿಲ್ಲ. ನೆನಪು ಮಾಸುತ್ತಿರುವವರ ಮುಂದೆ ಪುಟ ತೆರೆದು “ಇವರು ಯಾರು ಹೇಳು ಅಜ್ಜಿ, ಗುರುತು ಸಿಕ್ಕಿತೆ?” ಎಂದು ಪರೀಕ್ಷೆ ನಡೆಸುವುದು ಕ್ರೌರ್ಯ. ಮುಖದ ಕೆಳಗೆ ದೊಡ್ಡ ಕನ್ನಡ ಅಕ್ಷರಗಳಲ್ಲಿ ‘ನಾಗಮ್ಮ, ದೊಡ್ಡ ಸೊಸೆ’ ಎಂದು ಇದ್ದರೆ ಅವರು ತಾವೇ ಓದಿಕೊಂಡು ತಮಗೆ ತೋಚಿದಷ್ಟು ಹೇಳುತ್ತಾರೆ. ಹೇಳಿದ್ದನ್ನು ಯಾರಾದರೂ ಪಕ್ಕದಲ್ಲಿ ಸೀಸದಕಡ್ಡಿಯಿಂದ ಗುರುತು ಹಾಕಿಕೊಳ್ಳಲಿ. ಹೆಸರು ಕೇಳಿ ಬರೆದುಕೊಳ್ಳುವ ಈ ಕೆಲಸಕ್ಕೆ ಮಾತ್ರ ಮುಂದಿನ ರಜೆಯವರೆಗೆ ಕಾಯುವುದು ಸಲ್ಲದು; ಚಿತ್ರಗಳನ್ನು ಅಂಟಿಸುವುದು ಬೇಕಾದರೆ ಆಮೇಲಾಗಲಿ.

ಸಿದ್ಧವಾದ ಪುಸ್ತಕವನ್ನು ಅಟ್ಟಕ್ಕೆ ಏರಿಸಬಾರದು. ಮೇ ತಿಂಗಳಲ್ಲಿ ಹೈದರಾಬಾದಿನ ತಾಪ 40 ಡಿಗ್ರಿ ದಾಟಿದಾಗ ತಾರಸಿಯಡಿಯ ಅಟ್ಟ ಕುಲುಮೆಯೇ ಸರಿ. ಹೊರಗೋಡೆಗೆ ತಾಗದ ಬೀರುವಿನ ನಡುವಿನ ಅರೆಯಲ್ಲಿ, ಒಗೆದ ಹತ್ತಿಬಟ್ಟೆಯಲ್ಲಿ ಸುತ್ತಿ, ಮಲಗಿಸಿ ಇಡುವುದು ಒಳ್ಳೆಯದು. ಅಚ್ಚುಗಳನ್ನು ಎಸೆಯಬಾರದು. ಒದ್ದೆ ಬಟ್ಟೆಯಿಂದ ಒರೆಸಿ, ಕಾಗದದ ನಡುವೆ ಚಪ್ಪಟೆಯಾಗಿರಿಸಿ, ಪುಸ್ತಕದ ಹಿಂಬದಿಯ ಲಕೋಟೆಯಲ್ಲಿ ಸೇರಿಸಿದರೆ, ತಂಗಿಯ ಮದುವೆಗೆ ‘ಸೋದರಮಾವ’, ‘ಚಿಕ್ಕಪ್ಪ’, ‘ಧಾರೆ’ ಎಲ್ಲ ಸಿದ್ಧವಾಗಿಯೇ ಇರುತ್ತವೆ. ಹೊಸ ಬೀಗರ ಹೆಸರುಗಳನ್ನಷ್ಟೇ ಕೊರೆದುಕೊಂಡರಾಯಿತು.